ದೇವದುರ್ಗ ತಾಲೂಕಿನ ವರ್ತುಲ ವ್ಯಾಧಿ

ನೂರ್ ಬೀಯ ಕೈಲಿ ಅಂಗಡಿ ಇಡುವುದು ಆಗುವ ಮಾತಲ್ಲ ಎಂದು ಮೂರು ಕಡೆಯಿಂದ ತೀರ್ಮಾನವಾಗಿತ್ತು. ಮೊದಲು ಹೇಳಿದವನು ಮೈದುನ ಸತ್ತಾರ್ ಸಾಬ್. ಅಣ್ಣ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿಸಿ ಕೈ ತೊಳೆಯುತ್ತ ಹೇಳಿದ. ಎರಡನೆಯದಾಗಿ ಬಜಾರಿನ ಹಿರಿಯರು ಹೇಳಿದರು. ಎಲ್ಲರೂ ಒಟ್ಟಿಗೆ ಹೇಳಿದ್ದರಿಂದ ಅವರನ್ನು ಒಬ್ಬರೆಂದೇ ಹಿಡಿಯಬೇಕು. ಮೂರನೆಯವಳು ಹೆತ್ತ ತಾಯಿ. "ತಲಿ ಮ್ಯಾಲ ಸೆರಗ ನಿಲ್ಲಂಗಿಲ್ಲ ನಿಂದು, ಅಂಗಡಿ ಹ್ಯಾಂಗ ನಿಂತೀತು ಬೇ?" ಎಂದು ಕೇಳಿದಳು.

ನೂರ್ ಬೀ ತನ್ನ ಗಂಡ ಬಿಟ್ಟುಹೋದ ಬಳೆಯ ಮಲಾರದ ಹೊರೆಯನ್ನು ಹೆಗಲಿಗೇರಿಸಿಕೊಂಡು ದೇವದುರ್ಗದ ನಿಲ್ದಾಣದಲ್ಲಿ ಗಬ್ಬೂರಿನ ಬಸ್ಸು ಹತ್ತಿದಳು. ಅದು ೧೯೭೪ನೆಯ ಇಸವಿ.

ಮುಂದಿನ ಐದು ವರ್ಷ ಅವಳು ಗಬ್ಬೂರು, ಜಾಲಹಳ್ಳಿ, ಗೂಗಲ್ ಎಂದು ತಿರುಗಿದಳು. ಅವಳ ಬಂಡವಾಳವೆಲ್ಲ ಅವಳ ಬಲಗೈಯಲ್ಲಿತ್ತು. ಎಂಥ ಒರಟು ಕೈಯಾಗಲಿ, ಹೆಬ್ಬೆರಳಿನ ಬುಡವನ್ನು ಒತ್ತಿ, ಮಾತಾಡಿಸುತ್ತ, ನಗಿಸುತ್ತ, ಆ ಹೆಂಗಸು ಬಾಯಿಬಿಡುವುದರೊಳಗೆ ಬಳೆ ಏರಿಸಿ ಬಿಡುತ್ತಿದ್ದಳು. ಹಳೆ ಬಳೆ ತೆಗೆದು ಹೊಸದು ಹಾಕುವಾಗ ಒಂದು ಹಳೆಯದನ್ನು ಕೈಯಲ್ಲೇ ಬಿಟ್ಟಿರುತ್ತಿದ್ದಳು. ಹೊಸದು ಏರಿದ ಮೇಲೆ ಅದನ್ನು ಒಡೆಯುವಳು. ಗಂಡನಿರುವ ಹೆಂಗಸಿನ ಕೈ ಒಂದು ಗಳಿಗೆಯೂ ಬರಿದಾಗಕೂಡದು. ಈ ವಿಷಯದಲ್ಲಿ ಆ ತಾಲೂಕಿನ ಎಲ್ಲ ಜಾತಿಯವರೂ ಒಂದೇ.

ಓದು ಕಲಿತದ್ದೂ ಬಳೆಯಿಂದಲೇ. ಬಳೆ ಸುತ್ತಿಕೊಂಡು ಬಂದ ಹಳೆ ಪತ್ರಿಕೆಗಳ ಹಾಳೆ ಬಿಡಿಸಿ, ತೊಡೆಯ ಮೇಲೆ ನೀವಿ, ಬಸ್ಸಿನಲ್ಲಿ ಪಕ್ಕ ಕೂತವರನ್ನು ಒಂದೊಂದು ಅಕ್ಷರ ಕೇಳಿ ಕಲಿತಳು. ಹಾಗಾಗಿ ಅವಳ ಪಾಲಿಗೆ ಪ್ರತಿಯೊಂದು ಸುದ್ದಿಯೂ ನಡುವಿನಿಂದ ಶುರುವಾಗಿ ಮುಗಿಯುವ ಮೊದಲೇ ನಿಲ್ಲುತ್ತಿತ್ತು. ಕಚೇರಿಗಳ ಪ್ರಕಟಣೆ ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ತರಬೇತಿ ಬೇರೆ ಇಲ್ಲ.

೧೯೭೯ರಲ್ಲಿ ದೋಆಬ್ ಪ್ರಾಂತೀಯ ಅಸ್ಥಿ ಪರೀಕ್ಷಾ ಮಂಡಳಿಯು ಸ್ಥಾಪನೆಯಾಯಿತು. ಮುಖ್ಯ ಕಚೇರಿ ರಾಯಚೂರಿನಲ್ಲಿ. ಕೇಂದ್ರಗಳು ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು. ಕೇಂದ್ರಕ್ಕೊಂದು ಎಕ್ಸ್‌ರೇ ಯಂತ್ರ. ಯಂತ್ರಗಳು ನಿಜಕ್ಕೂ ಒಳ್ಳೆಯವಾಗಿದ್ದವು. ಆದರೆ ಖರೀದಿ ಸಮಿತಿಯು ಫಿಲ್ಮುಗಳನ್ನು ತರಿಸುವಾಗ ಎಲ್ಲಕ್ಕಿಂತ ಚಿಕ್ಕ ಅಳತೆಯದನ್ನೇ ಹತ್ತು ವರ್ಷಕ್ಕಾಗುವಷ್ಟು ತರಿಸಿಬಿಟ್ಟಿತ್ತು. ಆ ಅಳತೆಯಲ್ಲಿ ಎದೆ ಹಿಡಿಯುತ್ತಿರಲಿಲ್ಲ, ಮೊಣಕಾಲು ಅರ್ಧ ಹಿಡಿಯುತ್ತಿತ್ತು, ಮಣಿಕಟ್ಟು ಮಾತ್ರ ಪೂರ್ತಿ ಹಿಡಿಯುತ್ತಿತ್ತು. ಸಮಿತಿ ಎರಡು ಸಭೆ ನಡೆಸಿ ದೇವದುರ್ಗದ ಕೇಂದ್ರದ ಬಾಗಿಲಿಗೆ ಹೀಗೆ ಹಚ್ಚಿಸಿತು:

"ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ದೇಹದ ಸಮಸ್ತ ಎಲುಬುಗಳ ಸ್ಥಿತಿಗತಿಯನ್ನು ಮಣಿಕಟ್ಟಿನಲ್ಲಿಯೇ ತಿಳಿಯಬಹುದೆಂದು ಮಂಡಳಿಯು ತೀರ್ಮಾನಿಸಿರುತ್ತದೆ. ಆದ್ದರಿಂದ ಸೊಂಟ, ಬೆನ್ನು, ಮೊಣಕಾಲು ನೋವಿನವರು ಸಹ ತಮ್ಮ ಮಣಿಕಟ್ಟಿನೊಡನೆ ಹಾಜರಾಗತಕ್ಕದ್ದು."

ಜನ ಮಣಿಕಟ್ಟಿನೊಡನೆ ಹಾಜರಾದರು.

ದೇವದುರ್ಗದ ಯಂತ್ರ ನಡೆಸಲು ಬಂದವನು ಗುಲಾಮ್ ದಸ್ತಗೀರ್. ತೆಳ್ಳಗಿನ, ದಪ್ಪ ಕನ್ನಡಕದ ಮನುಷ್ಯ. ಕೆಲಸ ಚೆನ್ನಾಗಿ ಬಲ್ಲವನು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಯಾವ ಎಲುಬು ಎಲ್ಲಿ ಬಿರಿದಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಆದರೆ ಮಂಡಳಿಯ ಒಂಬತ್ತನೆಯ ನಿಯಮದ ಪ್ರಕಾರ ಚಿತ್ರ ತೆಗೆದವನು ಚಿತ್ರದ ಬಗ್ಗೆ ಅಭಿಪ್ರಾಯ ಹೊಂದತಕ್ಕದ್ದಲ್ಲ. ಅಭಿಪ್ರಾಯವೇನಿದ್ದರೂ ರಾಯಚೂರಿನಿಂದ ಬರಬೇಕು. ಅವನು ಫಿಲ್ಮು ತೊಳೆದು, ಅಂಗಳದ ಹಗ್ಗಕ್ಕೆ ತನ್ನ ಲುಂಗಿಯ ಪಕ್ಕದಲ್ಲೇ ಕ್ಲಿಪ್ಪು ಹಾಕಿ ಒಣಗಿಸಿ, ಕಟ್ಟು ಕಟ್ಟಿ ರಾಯಚೂರಿನ ಬಸ್ಸಿಗೆ ಹಾಕುತ್ತಿದ್ದ.

ಮೊದಲ ದಿನ ಬಂದ ಹೆಂಗಸು ಗಬ್ಬೂರಿನ ಬಸವಂತಮ್ಮ, ಮೊಣಕಾಲು ನೋವಿನವಳು. ಕೇಂದ್ರದ ಎದುರಿನ ಬೇವಿನ ಮರದ ಕೆಳಗೆ ಮಲಾರ ಇಳಿಸಿ ಕೂತಿದ್ದ ನೂರ್ ಬೀಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಬಳಿ ತಗೀರಿ ಯವ್ವಾ," ಎಂದ ದಸ್ತಗೀರ್.

"ಯಾಕ? ನನ್ನ ಗಂಡ ಸತ್ತಾನೇನು?"

"ಹಂಗಲ್ರೀ. ಬಳಿ ಇದ್ರ ಫೋಟೋದಾಗ ಅವೂ ಬೀಳ್ತಾವ."

"ಬೀಳ್ಲಿ ಬಿಡು. ಹನ್ನೆರಡು ಬಳಿ ಅದಾವ, ಚಂದ ಕಾಣ್ತಾವ."

"ಮಷಿನ್‌ಗೆ ಬಳಿ ನಡ್ಯಂಗಿಲ್ರೀ..."

"ಮಷಿನ್‌ಗೆ ಗಂಡ ಇಲ್ಲ, ಅದಕ್ಕೇನ್ ಗೊತ್ತು? ನನ್ನ ಗಂಡ ಹೊರಗ ಬೀಡಿ ಸೇದಾಕತ್ತಾನ. ಕರೀಲೇನು?"

ಕರೆಯುವ ಅಗತ್ಯ ಬೀಳಲಿಲ್ಲ. ಗಂಡ ತಾನಾಗಿಯೇ ಬಾಗಿಲಿಗೆ ಬಂದು, "ಯಾರಲೇ ಅವ, ನಾ ಜೀಂವ ಇದ್ದಾಗ ನನ್ನ ಹೆಂಡ್ತಿ ಬಳಿ ತಗಿ ಅಂದಾವ?" ಎಂದು ವಿಚಾರಿಸಿದ. ದಸ್ತಗೀರ್ ಬಳೆಯ ಸಮೇತ ಚಿತ್ರ ತೆಗೆದ. ಅಂದಿನಿಂದ ಎಲ್ಲ ಹೆಂಗಸರ ಚಿತ್ರಗಳೂ ಬಳೆಯ ಸಮೇತವೇ ಹೋದವು. ನಮೂನೆಯಲ್ಲಿ "ಬಳೆ" ಎಂದು ಬರೆಯೋಣವೆಂದರೆ ಷರಾ ಬರೆಯುವ ಕಲಮು ರಾಯಚೂರಿನವರಿಗೆ ಮೀಸಲಾಗಿತ್ತು.

ರಾಯಚೂರಿನಲ್ಲಿ ಫಿಲ್ಮು ನೋಡುವವರು ವಿಶೇಷಾಧಿಕಾರಿ ಮಹಾಂತಯ್ಯನವರು. ಡಾಕ್ಟರರ ಹುದ್ದೆ ಭರ್ತಿಯಾಗುವವರೆಗೆ ಆ ಕೆಲಸವನ್ನು ಅವರಿಗೆ ಹೆಚ್ಚುವರಿಯಾಗಿ ವಹಿಸಲಾಗಿತ್ತು. ಅದಕ್ಕೂ ಮೊದಲು ಹದಿನೇಳು ವರ್ಷ ಅವರು ತೂಕ ಮತ್ತು ಅಳತೆಯ ವಿಭಾಗದಲ್ಲಿದ್ದರು. ಆದ್ದರಿಂದ ಎಲುಬಿನ ವಿಷಯ ತಿಳಿಯದಿದ್ದರೂ ಎಣಿಸುವುದು ತಿಳಿದಿತ್ತು. ಎಣಿಸಿದರು. ದೇವದುರ್ಗದ ನಾನೂರಾ ಹನ್ನೆರಡು ಹೆಂಗಸರ ಮಣಿಕಟ್ಟಿನ ಸುತ್ತ ಬೆಳ್ಳನೆಯ ಉಂಗುರಗಳು ಕಂಡವು. ಮಾನ್ವಿಯಿಂದ ಬಂದವು ಅಕ್ಕಿ ಗಿರಣಿಯ ಹಮಾಲರ ಚಿತ್ರಗಳು. ಅವುಗಳಲ್ಲಿ ಒಂದೂ ಉಂಗುರವಿರಲಿಲ್ಲ.

ಮಹಾಂತಯ್ಯನವರ ಮನೆಯಲ್ಲೂ ಹೆಂಡತಿಯಿದ್ದರು, ಅವರ ಕೈಯಲ್ಲೂ ಎರಡು ಡಜನ್ ಬಳೆ ಸದ್ದು ಮಾಡುತ್ತಿದ್ದವು. ಆದರೆ ಮನೆಯಲ್ಲಿ ಕಂಡದ್ದನ್ನು ಕಚೇರಿಗೆ ತರಬಾರದು ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಅವರ ವರದಿ ಆರು ತಿಂಗಳಲ್ಲಿ ಅಚ್ಚಾಯಿತು. ಅದರಂತೆ ದೇವದುರ್ಗ ತಾಲೂಕಿನ ಸ್ತ್ರೀಯರಲ್ಲಿ 'ಮಣಿಕಟ್ಟಿನ ವರ್ತುಲ ವ್ಯಾಧಿ' ಎಂಬ ಹೊಸ ರೋಗವು ವ್ಯಾಪಕವಾಗಿ ಹರಡಿತ್ತು. ನವವಿವಾಹಿತೆಯರಲ್ಲಿ ವರ್ತುಲಗಳು ಫಿಲ್ಮಿನ ಅಂಚಿನವರೆಗೂ ಏರಿ ರೋಗವು ಉಲ್ಬಣಾವಸ್ಥೆಯಲ್ಲಿತ್ತು. ಪಂಚಮಿ ಹಾಗೂ ರಂಜಾನಿನ ಮುಂಚಿನ ವಾರಗಳಲ್ಲಿ ಅದು ಎರಡೂ ಸಮುದಾಯಗಳಲ್ಲಿ ಸಮಾನವಾಗಿ ಹೆಚ್ಚುತ್ತಿತ್ತು. ವರದಿಯ ಹದಿನಾಲ್ಕನೆಯ ಪುಟದಲ್ಲಿ ಹೀಗಿತ್ತು: "ಪತಿಯ ಮರಣಾನಂತರ ರೋಗಿಯು ಒಂದೇ ದಿನದಲ್ಲಿ, ಯಾವುದೇ ಔಷಧಿಯಿಲ್ಲದೆ ಸಂಪೂರ್ಣ ಗುಣಮುಖಳಾಗುವುದು ಕಂಡುಬಂದಿದೆ. ಆದಾಗ್ಯೂ ಈ ಚಿಕಿತ್ಸೆಯನ್ನು ಸಾರ್ವತ್ರಿಕವಾಗಿ ಶಿಫಾರಸು ಮಾಡಲು ಮಂಡಳಿಗೆ ಸದ್ಯಕ್ಕೆ ಅಧಿಕಾರವಿರುವುದಿಲ್ಲ."

ರೋಗವೆಂದ ಮೇಲೆ ಯೋಜನೆ ಬೇಕಲ್ಲ. ಯೋಜನೆ ಬಂತು. ಆರು ವರ್ತುಲಗಳವರೆಗೆ ಪ್ರಥಮ ಹಂತ. ತಿಂಗಳಿಗೆ ನಾಲ್ಕು ಸೇರು ಅಸ್ಥಿಪೋಷಕ ಅಕ್ಕಿ. ಏಳರಿಂದ ಹನ್ನೆರಡರವರೆಗೆ ದ್ವಿತೀಯ ಹಂತ. ಎಂಟು ಸೇರು ಅಕ್ಕಿ, ಜೊತೆಗೆ ಅಗತ್ಯವಿದ್ದಲ್ಲಿ ಸುಣ್ಣದ ಪಟ್ಟಿ. ಅಕ್ಕಿಯನ್ನು ಮಾನ್ವಿಯ ಗಿರಣಿ ಮಾಲೀಕ ವಿರೂಪಣ್ಣನವರು ಒದಗಿಸತಕ್ಕದ್ದು. ಅಸ್ಥಿಪೋಷಕ ಅಕ್ಕಿಗೂ ಸಾದಾ ಅಕ್ಕಿಗೂ ಇದ್ದ ವ್ಯತ್ಯಾಸವೆಂದರೆ ಇದರಲ್ಲಿ ಕಲ್ಲಿದ್ದವು. ಕಲ್ಲಿನಲ್ಲಿ ಸುಣ್ಣದಂಶವಿರುತ್ತದೆ, ಅದು ಎಲುಬಿಗೆ ಒಳ್ಳೆಯದು ಎಂದು ವಿರೂಪಣ್ಣನವರು ಲಿಖಿತ ಹೇಳಿಕೆ ಕೊಟ್ಟಿದ್ದರು.

ನೂರ್ ಬೀ ಬಾಗಿಲಿಗೆ ಹಚ್ಚಿದ ಕಾಗದವನ್ನು ನಿಂತು ಪೂರ್ತಿ ಓದಿದಳು. ಅವಳ ಬದುಕಿನಲ್ಲಿ ಮೊದಲಿನಿಂದ ಕೊನೆವರೆಗೂ ಸಿಕ್ಕ ಮೊದಲ ಸುದ್ದಿ ಅದು. ಓದಿ, ಮರದ ಕೆಳಗೆ ಹೋಗಿ ಕೂತು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆದರೆ ಯಾರಿಗೂ ಏನೂ ಹೇಳಲಿಲ್ಲ. ಅರ್ಧ ಡಜನ್ ಕೊಳ್ಳುತ್ತಿದ್ದವರು ಈಗ ಡಜನ್ ಕೊಳ್ಳುತ್ತಿದ್ದರು. ಬಳೆ ಮಾರುವವಳು, ಬಳೆ ಹೆಚ್ಚು ಹೋಗುವಾಗ, ಯಾಕೆಂದು ಎದ್ದು ನಿಂತು ಕೇಳುವುದಿಲ್ಲ. ಅಂಗಡಿಗೆಂದು ಕೂಡಿಟ್ಟ ಗಂಟು ಬೆಳೆಯುತ್ತಿತ್ತು.

ಹೀಗಿರುವಾಗ ೧೯೮೦ರ ಬೇಸಿಗೆಯಲ್ಲಿ, ಜಾಲಹಳ್ಳಿಯ ನಿಲ್ದಾಣದಲ್ಲಿ ಅವಳ ಒಂದು ಕಾಲು ನೆಲಕ್ಕೆ ಮುಟ್ಟುವುದರೊಳಗೆ ಬಸ್ಸು ಹೊರಟಿತು. ಬೀಳುವಾಗ ಎಡಗೈಯಿಂದ ಮಲಾರವನ್ನು ಎದೆಗವಚಿಕೊಂಡು ಬಲಗೈಯನ್ನು ನೆಲಕ್ಕೆ ಕೊಟ್ಟಳು. ಒಂದು ಬಳೆಯೂ ಒಡೆಯಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು.

ಮರುದಿನ ಮುಂಜಾನೆ ಕೇಂದ್ರದಲ್ಲಿ ದಸ್ತಗೀರ್ ಚಿತ್ರ ತೆಗೆದ. ಬಳೆ ತೆಗೆಯಿರಿ ಎನ್ನುವ ಪ್ರಸಂಗವಿರಲಿಲ್ಲ. ಗಂಡ ಸತ್ತಂದಿನಿಂದ ಅವಳ ಕೈ ಬರಿದೇ ಇತ್ತು. ಫಿಲ್ಮು ಹಗ್ಗದ ಮೇಲೆ ನೀರು ತೊಟ್ಟಿಕ್ಕುತ್ತಿರುವಾಗಲೇ ನೂರ್ ಬೀ ಅದರ ಮುಂದೆ ಹೋಗಿ ನಿಂತಳು. ತನ್ನ ಕೈಯ ಒಳಗನ್ನು ತಾನು ನೋಡುತ್ತಿದ್ದದ್ದು ಅದೇ ಮೊದಲು. ದೊಡ್ಡ ಎಲುಬಿನ ತುದಿ ಅಗುಳಿಯಂತೆ ಹಿಂದಕ್ಕೆ ಜಾರಿತ್ತು. ನಡುವೆ ಕರಿ ಗೆರೆ.

"ಮುರದದಲ್ಲ ದಸ್ತಗೀರ್?"

"ನನ್ನ ಕೇಳಬ್ಯಾಡ್ರಿ ಖಾಲಾ. ಒಂಬತ್ತನೇ ನಿಯಮ."

"ಕಣ್ಣಿಗೆ ಕಾಣಾಕತ್ತದ!"

"ಡ್ಯೂಟಿ ಮ್ಯಾಲ ಇದ್ದಾಗ ಕಣ್ಣು ನಂದಲ್ರೀ, ಮಂಡಳೀದು."

"ಹಂಗಾರ ಎಲುಬು ಕೂಡಿಸಿ ಪಟ್ಟಿ ಹಾಕು."

"ಪಟ್ಟಿ ಡಬ್ಬಿ ಇಲ್ಲೇ ಅದ, ಕೀಲೀನೂ ನನ್ನ ಉಡದಾರದಾಗ ಅದ. ಆದ್ರ ರಾಯಚೂರಿಂದ ಎರಡನೇ ಹಂತ ಅಂತ ಬರೋತನಾ ತಗ್ಯಂಗಿಲ್ಲ." ದಸ್ತಗೀರ್ ದನಿ ಇಳಿಸಿದ. "ಖಾಲಾ, ನಿಮ್ಮ ಕೈಯಾಗ ಒಂದೂ ಬಳಿ ಇಲ್ಲ. ನನಗ ಅದಾ ಚಿಂತಿ."

ನೂರ್ ಬೀಗೂ ಚಿಂತೆ ಹತ್ತಿತು. ಎಂದೋ ಬಳೆ ಸುತ್ತಿದ್ದ ಹಾಳೆಯೊಂದರಲ್ಲಿ ಅವಳು ಓದಿದ್ದಳು: ಮುರಿದ ಎಲುಬು ಹೇಗೆ ಜಾರಿದೆ ಎಂಬುದನ್ನು ಎಕ್ಸ್‌ರೇಯಲ್ಲಿ ನೋಡಿ, ಎರಡು ವಾರದೊಳಗೆ ನೇರ ಕೂಡಿಸಿ ಪಟ್ಟಿ ಹಾಕದೆ ಹೋದರೆ ಅದು ಇದ್ದಲ್ಲೇ ಸೊಟ್ಟಗೆ ಕೂಡಿಕೊಂಡು, ಕೈಯು... ಹಾಳೆ ಅಲ್ಲಿಗೆ ಮುಗಿದಿತ್ತು. ಕೈಯು ಏನಾಗುತ್ತದೆ ಎಂಬುದು ಇನ್ನೊಂದು ಡಜನ್ ಬಳೆಗೆ ಸುತ್ತಿಕೊಂಡು ಬೇರೆಲ್ಲೋ ಹೋಗಿತ್ತು. ಏನಾದರೂ ಸರಿ, ತಿರುಗದ ಕೈಯಿಂದ ಬಳೆ ಏರಿಸಲಾಗದು ಎಂಬುದನ್ನು ಅವಳಿಗೆ ಯಾವ ಹಾಳೆಯೂ ಹೇಳಬೇಕಿರಲಿಲ್ಲ.

ಬೇರೆ ದಾರಿ ನೋಡಲಿಲ್ಲವೆಂದಲ್ಲ. ಗೂಗಲ್‌ನ ಎಲುಬು ಕೂಡಿಸುವ ಮುದುಕ ಕೈ ನೋಡಿ ನಿಟ್ಟುಸಿರು ಬಿಟ್ಟು, "ಮಂಡಳಿ ನೋಟಿಸ್ ಕೊಟ್ಟದವ್ವಾ. ಮಣಿಕಟ್ಟು ಒಂದು ಬಿಟ್ಟು ಏನ್ ಬೇಕಾದ್ರೂ ಕೂಡಸ್ತೀನಿ," ಎಂದ. ರಾಯಚೂರಿನ ಡಾಕ್ಟರೊಬ್ಬರು ಫಿಲ್ಮು ತಂದರೆ ನೋಡುತ್ತೇನೆಂದರು. ಫಿಲ್ಮು ಮಂಡಳಿಯ ಆಸ್ತಿ. ಅದನ್ನು ರೋಗಿಗೆ ಕೊಡತಕ್ಕದ್ದಲ್ಲ.

ಹನ್ನೆರಡನೆಯ ದಿನ ಫಲಿತಾಂಶ ಬಂತು. "ವರ್ತುಲಗಳು: ಇಲ್ಲ. ಮಣಿಕಟ್ಟು: ಆರೋಗ್ಯಕರ. ಷರಾ: ಈ ಮಹಿಳೆಯು ತಾಲೂಕಿಗೆ ಮಾದರಿ."

ಮಾದರಿ ಮಹಿಳೆಯು ಊದಿದ ಕೈಯನ್ನು ಸೆರಗಿನಲ್ಲಿ ತೂಗುಹಾಕಿಕೊಂಡು ರಾಯಚೂರಿಗೆ ಹೋದಳು. ಮಹಾಂತಯ್ಯನವರು ಒಳ್ಳೆಯವರು, ಎದುರಿಗೆ ಕೂರಿಸಿದರು, ನೀರು ಕೊಡಿಸಿದರು, ಫಿಲ್ಮನ್ನೂ ತರಿಸಿದರು.

"ನೋಡ್ರಿ, ಇಲ್ಲಿ ಎಲುಬು ಮುರದದ," ಎಂದು ನೂರ್ ಬೀ ಎಡಗೈ ಬೆರಳಿಟ್ಟು ತೋರಿಸಿದಳು.

ಮಹಾಂತಯ್ಯನವರು ಕನ್ನಡಕ ಏರಿಸಿ ನೋಡಿದರು. "ಹೌದು, ಏನೋ ಒಂದು ಗೆರಿ ಅದ."

"ಅದಾ ಮುರದದ್ದು."

"ಇರಬಹುದು. ಆದ್ರ ಮುರದದ್ದಕ್ಕ ನಮ್ಮ ನಮೂನಿಯೊಳಗ ಕಲಮಿಲ್ಲ. ವರ್ತುಲ ಎಷ್ಟು ಅಂತ ಅದ. ನಿಮ್ಮವು ಸೊನ್ನಿ."

"ಸಾಹೇಬ್ರ, ಅವು ವರ್ತುಲ ಅಲ್ರೀ, ಬಳಿ! ಗಾಜಿನ ಬಳಿ! ನಾನಾ ಹಾಕೀನಿ ಎಲ್ಲಾರಿಗೂ."

ಮಹಾಂತಯ್ಯನವರು ಪೆನ್ನಿನ ಮುಚ್ಚಳ ತೆಗೆದರು.

"ನಿಮ್ಮ ಉದ್ಯೋಗ?"

"ಬಳಿ ಮಾರ್ತೀನ್ರಿ."

"ಅಂದ್ರ ಈ ವಿಷಯದಾಗ ನೀವು ಹಿತಾಸಕ್ತಿ ಉಳ್ಳವರು. ನಿಮ್ಮ ಹೇಳಿಕಿ ನಡ್ಯಂಗಿಲ್ಲ." ಮುಚ್ಚಳ ಹಾಕಿದರು. ಅವರ ದನಿಯಲ್ಲಿ ಕರುಣೆಯಿತ್ತು. "ಮತ್ತ ಇದನ್ನೂ ವಿಚಾರ ಮಾಡ್ರಿ ನೂರ್ ಬೀ ಅವ್ರ. ಅವು ಬಳಿ ಅಂತ ಆದ್ರ ನಾನೂರು ಮನಿ ಅಕ್ಕಿ ನಿಲ್ತದ, ನಿಮ್ಮ ಬಳಿ ಹೋಗೂದೂ ನಿಲ್ತದ. ಪಾಪ, ಯಾರಿಗೆ ಬೇಕಾಗ್ಯದ ಅದು?"

ನೂರ್ ಬೀ ಕೂತಲ್ಲೇ ಯೋಚಿಸಿದಳು. ಇಷ್ಟು ದಿನ ತಾನು ಸುಮ್ಮನಿದ್ದದ್ದೂ ಇದೇ ಲೆಕ್ಕದ ಮೇಲೆ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದು ಹಿಡಿಸಲಿಲ್ಲ.

"ಎರಡನೇ ಸಲ ಫೋಟೋ ತಗಸ್ಬೋದೇನ್ರಿ?" ಎಂದು ಕೇಳಿದಳು.

"ಅವಶ್ಯ. ರೋಗ ಯಾವಾಗ ಬೇಕಾದ್ರೂ ಬರಬಹುದು. ಮಂಡಳಿ ಯಾರಿಗೂ ಬಾಗಿಲು ಮುಚ್ಚಿಲ್ಲ."

ಮನೆಗೆ ಬಂದು ನೂರ್ ಬೀ ಮಲಾರ ಬಿಚ್ಚಿದಳು. ತನ್ನ ಅಳತೆ ಅವಳಿಗೆ ಗೊತ್ತಿತ್ತು, ಆದರೆ ಊದಿದ ಕೈಗೆ ಆ ಅಳತೆ ನಡೆಯುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡವನ್ನು ಆರಿಸಿದಳು, ಹಸಿರು, ಗೆರೆಯಿಲ್ಲದವು. ಎಡಗೈಯಿಂದ ಬಲಗೈ ಹೆಬ್ಬೆರಳಿನ ಬುಡ ಒತ್ತಿ ಮೊದಲನೆಯದನ್ನು ಏರಿಸಿದಳು. ಸಾವಿರಾರು ಹೆಂಗಸರಿಗೆ "ಆತು, ಆತು, ಇನ್ನೊಂದಾ" ಎಂದು ಹೇಳುತ್ತಿದ್ದವಳು ಈಗ ತನಗೆ ತಾನೇ ಹೇಳಿಕೊಂಡಳು. ನಾಲ್ಕನೆಯ ಬಳೆಗೆ ಒಳಗೆ ಏನೋ ಕಟಕ್ಕೆಂದಿತು. ಹನ್ನೆರಡನೆಯದು ಏರುವ ಹೊತ್ತಿಗೆ ರವಿಕೆ ಬೆವರಿನಿಂದ ತೊಯ್ದಿತ್ತು. ತಾಯಿ ಹೊಸ್ತಿಲಲ್ಲಿ ನಿಂತು ನೋಡಿದಳು.

"ಆರು ವರ್ಷ ಆದ ಮ್ಯಾಲ ಬಳಿ ಹಾಕ್ಕೊಂಡಿ. ಜನ ಏನಂತಾರ ಬೇ?"

"ಎರಡನೇ ಹಂತ ಅಂತಾರ ಅಮ್ಮಾ."

ದಸ್ತಗೀರ್ ಎರಡನೆಯ ಚಿತ್ರ ತೆಗೆದ. ಎಲುಬು ಮೊದಲಿಗಿಂತ ಹೆಚ್ಚು ಜಾರಿತ್ತು. ಅವನಿಗೆ ಅದರ ಬಗ್ಗೆ ಅಭಿಪ್ರಾಯವಿರಲಿಲ್ಲ. ಕನ್ನಡಕ ಮಾತ್ರ ತೆಗೆದು ಬಹಳ ಹೊತ್ತು ಒರೆಸಿದ. ಮಂಜೂರಾತಿ ಈ ಸಲ ಇಪ್ಪತ್ತೊಂದು ದಿನಕ್ಕೆ ಬಂತು, ಯಾಕೆಂದರೆ ನಡುವೆ ಮಂಡಳಿಯ ವಾರ್ಷಿಕೋತ್ಸವವಿತ್ತು. "ವರ್ತುಲಗಳು: ಹನ್ನೆರಡು. ದ್ವಿತೀಯ ಹಂತ. ಪಟ್ಟಿಗೆ ಅರ್ಹ." ದಸ್ತಗೀರ್ ಉಡದಾರದಿಂದ ಕೀಲಿ ಬಿಚ್ಚಿ ಡಬ್ಬಿ ತೆಗೆದ. ಅಷ್ಟರಲ್ಲಿ ಎಲುಬು ತನಗೆ ತೋಚಿದಂತೆ ಕೂಡಿಕೊಂಡಿತ್ತು. ಆದರೂ ಮಂಜೂರಾದ ಪಟ್ಟಿಯನ್ನು ಹಾಕದೆ ಬಿಡುವಂತಿರಲಿಲ್ಲ. ಅವನು ಬಳೆಗಳನ್ನು ಮೊಣಕೈಯತ್ತ ಸರಿಸಿ, ಅದನ್ನು ಅಷ್ಟು ಮುತುವರ್ಜಿಯಿಂದ, ಅಷ್ಟು ನಯವಾಗಿ ಹಾಕಿದನೆಂದರೆ, ಸೊಟ್ಟ ಕೈಯೊಂದಕ್ಕೆ ಅಷ್ಟು ಚೆಂದದ ಪಟ್ಟಿ ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

"ಮಾಫ್ ಮಾಡ್ರಿ ಖಾಲಾ," ಎಂದ.

"ನಿಯಮ ಎಷ್ಟನೇದು ಅದು?" ಎಂದಳು ನೂರ್ ಬೀ. ಅವಳು ಎಡಗೈಯಿಂದ ಅವನ ತಲೆ ನೇವರಿಸಿ, ಬಾಗಿಲಿನ ಕಾಗದ ಓದಲು ಹೋದಳು. ಆ ದಿನದಿಂದ ಮಂಡಳಿಯ ಯಾವ ಕಾಗದವನ್ನೂ ಅವಳು ಓದದೆ ಬಿಡಲಿಲ್ಲ.

ಇತ್ತ ಮಾನ್ವಿ ಕೇಂದ್ರಕ್ಕೆ ಕಾರಣ ಕೇಳುವ ನೋಟಿಸು ಹೋಗಿತ್ತು. ಎರಡು ವರ್ಷದಲ್ಲಿ ಒಂದೇ ಒಂದು ವರ್ತುಲವನ್ನೂ ಪತ್ತೆಹಚ್ಚದ ಕಾರಣ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಯಾಕೆ ಜರುಗಿಸಬಾರದು? ಅಕ್ಕಿಯ ವಿರೂಪಣ್ಣನವರು ಈ ಬಗ್ಗೆ ಸ್ವತಃ ಮುತುವರ್ಜಿ ವಹಿಸಿದರು. ತಮ್ಮ ಗಿರಣಿಯ ನಲವತ್ತು ಹಮಾಲರನ್ನು ಲಾರಿಯಲ್ಲಿ ಕೂರಿಸಿ ದೇವದುರ್ಗದ ಬೇವಿನ ಮರಕ್ಕೆ ಕಳಿಸಿದರು. ಲಾರಿಯಿಂದ ಮೊದಲು ಇಳಿದವನು ಮೇಸ್ತ್ರಿ ಉರುಕುಂದಪ್ಪ, ನೂರು ಕಿಲೋ ಚೀಲವನ್ನು ಒಬ್ಬನೇ ಬೆನ್ನಿಗೆ ಹಾಕಿಕೊಳ್ಳುವ ಆಳು.

"ಯವ್ವಾ, ಎಡಗೈಗೆ ಹಾಕು. ಬಲಗೈಲೆ ಚೀಲಕ್ಕ ಕೊಕ್ಕಿ ಹಾಕಬೇಕು," ಎಂದು ಕೈ ಚಾಚಿ ಕೂತ.

"ಎಷ್ಟು?"

"ಹನ್ನೆರಡು. ಎಂಟು ಸೇರಿಂದು."

"ಮೀಸಿ ಮ್ಯಾಲ ಕೈ ಹಾಕಿದಾಗ ಸಪ್ಪಳಾಗ್ತದ ನೋಡಪಾ."

"ಆಗ್ಲಿ ಬಿಡವ್ವಾ. ಮನ್ಯಾಗ ಆಕಿ ಸಪ್ಪಳಕ್ಕಿಂತ ಕಡಿಮೀನಾ ಇರ್ತದ." ಹಿಂದೆ ಕೂತವರು ನಕ್ಕರು. ಉರುಕುಂದಪ್ಪ ತಿರುಗಿ ಗದರಿಸಿದ: "ನಗಬ್ಯಾಡ್ರಲೇ, ಮುಂದಿನ ಪಾಳಿ ನಿಮ್ದಾ ಅದ!"

ನೂರ್ ಬೀ ಎಡಗೈಯಿಂದ ಬಳೆ ಏರಿಸುವುದನ್ನು ಅಷ್ಟರಲ್ಲಿ ಕಲಿತಿದ್ದಳು. ಬಲಗೈ ಬರೀ ಹಿಡಿದುಕೊಳ್ಳುವ ಕೆಲಸ ಮಾಡುತ್ತಿತ್ತು. ಮೂವತ್ತನೆಯ ಹಮಾಲನಿಗೆ ಬರುವ ಹೊತ್ತಿಗೆ ಮಲಾರದ ದೊಡ್ಡ ಅಳತೆಯ ಬಳೆಗಳೆಲ್ಲ ಮುಗಿದವು. ಉಳಿದ ಹತ್ತು ಜನ ರೋಗಕ್ಕಾಗಿ ಎರಡು ವಾರ ಕಾಯಬೇಕಾಯಿತು.

ಗಂಡಸರಿಗೂ ವ್ಯಾಧಿ ತಗುಲಿದ್ದನ್ನು ಮಹಾಂತಯ್ಯನವರು ಗಂಭೀರವಾಗಿ ಪರಿಗಣಿಸಿ ಸುತ್ತೋಲೆ ಹೊರಡಿಸಿದರು: "ರೋಗಲಕ್ಷಣವು ತಾನಾಗಿ ಕಾಣಿಸಿಕೊಳ್ಳದ ಬಡ ಅರ್ಜಿದಾರರಿಗೆ ತೊಂದರೆಯಾಗುತ್ತಿರುವುದು ಗಮನಕ್ಕೆ ಬಂದಿದೆ. ಸದರಿಯವರಿಗೆ ಲಕ್ಷಣ ಸಾಮಗ್ರಿಯನ್ನು ಸಕಾಲದಲ್ಲಿ ಒದಗಿಸಲು ಪ್ರತಿ ಕೇಂದ್ರದ ಪಕ್ಕದಲ್ಲಿ ಒಂದು ಮಳಿಗೆಯನ್ನು ಕಟ್ಟಿ ಕಾಯಂ ಹಕ್ಕಿನ ಮೇಲೆ ಕೊಡತಕ್ಕದ್ದು. ಹೆಚ್ಚಿನ ಹಂತದ ರೋಗಿಗಳಿಗೆ ಆದ್ಯತೆ. ಗುಣಮುಖರಾದಲ್ಲಿ ಹಕ್ಕು ರದ್ದಾಗುವುದು."

ನೂರ್ ಬೀ ಅದನ್ನು ಮೂರು ಸಲ ಓದಿ, ಅರ್ಜಿಯನ್ನು ತಾನೇ ಬರೆದಳು. ಎಡಗೈಯಲ್ಲಿ ಬರೆದ 'ಮಳಿಗೆ' ಎಂಬ ಅಕ್ಷರಗಳು ಒಂದು ಕಡೆ ವಾಲಿದ್ದವು, ಆದರೆ ಬಿದ್ದಿರಲಿಲ್ಲ. ವಿರೂಪಣ್ಣನವರೂ ತಮ್ಮ ತಂಗಿಯ ಮಗನ ಹೆಸರಿನಲ್ಲಿ ಅರ್ಜಿ ಹಾಕಿಸಿದರು. ಸಂದರ್ಶನದ ದಿನ ಅಳಿಯ ಬಳೆ ತೊಟ್ಟೇ ಬಂದ. ಆದರೆ ಉಂಡು ಬೆಳೆದ ಮೈ, ದಪ್ಪ ಕೈ. ಆರು ಏರಿ ಏಳನೆಯದು ಒಡೆದಿತ್ತು. ನೂರ್ ಬೀಯ ಕೈಯಲ್ಲಿ ಹನ್ನೆರಡು.

"ಈಕಿ ಬಳಿಗಾರ್ತಿ ಸಾಹೇಬ್ರ!" ಎಂದು ವಿರೂಪಣ್ಣ ಮೇಜು ಕುಟ್ಟಿದರು. "ಈಕೀವು ಬರೇ ಬಳಿ! ಎಷ್ಟು ಬೇಕಾದ್ರೂ ಹಾಕ್ಕೋತಾಳ!"

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಂಡಳಿಯ ಇತಿಹಾಸದಲ್ಲಿ ಆ ಶಬ್ದವನ್ನು ಮುಖ್ಯ ಕಚೇರಿಯಲ್ಲಿ ಗಟ್ಟಿಯಾಗಿ ಆಡಿದವರು ಅದುವರೆಗೆ ನೂರ್ ಬೀ ಒಬ್ಬಳೇ.

"ಹೌದೇನ್ರಿ?" ಎಂದು ಮಹಾಂತಯ್ಯನವರು ಅವಳನ್ನು ಕೇಳಿದರು. "ನಿಮ್ಮವು ಏನು?"

ಅವಳು ಬಲಗೈಯನ್ನು ಮೇಜಿನ ಮೇಲಿಟ್ಟಳು. ಅಂಗೈ ಮೇಲೆ ಮಾಡಲು ಹೋದಳು, ಅದು ಅರ್ಧಕ್ಕೇ ನಿಂತಿತು. ಮುರಿದದ್ದನ್ನು ಹೇಳಿದರೆ ಕಲಮಿಲ್ಲ. ಬಳೆಯೆಂದು ಹೇಳಿದರೆ ಮಳಿಗೆಯಿಲ್ಲ.

"ವರ್ತುಲ ಅದಾವ್ರಿ ಸಾಹೇಬ್ರ," ಎಂದಳು. "ಹನ್ನೆರಡು. ಎಣಿಸಿಕೋರಿ."

ಮಹಾಂತಯ್ಯನವರು ಎಣಿಸಿಕೊಂಡರು. ವಿರೂಪಣ್ಣನವರಿಗೆ ತಾವು ಆಡಿದ ಮಾತಿನಿಂದ ಅಕ್ಕಿಗೆ ಆಗಬಹುದಾದದ್ದು ತಡವಾಗಿ ಹೊಳೆದು, ಅವರೂ ಎದ್ದು ಬಂದು ಎಣಿಸಿ ಸರಿಯಿದೆಯೆಂದು ರುಜು ಹಾಕಿದರು.

೧೯೮೪ರಲ್ಲಿ ದೇವದುರ್ಗದ ಯಂತ್ರದ ಕೊಳವೆ ಸುಟ್ಟುಹೋಯಿತು. ಹೊಸದು ಪರದೇಶದಿಂದ ಬರಬೇಕಿತ್ತು. ಆದರೆ ಅಷ್ಟರಲ್ಲಿ ವಿಜ್ಞಾನ ಮುಂದುವರಿದಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ವರ್ತುಲಗಳನ್ನು ಎಕ್ಸ್‌ರೇ ಇಲ್ಲದೆಯೂ ಬರಿಗಣ್ಣಿನಿಂದ ಸ್ಪಷ್ಟವಾಗಿ ಕಾಣಬಹುದೆಂದು ಮಂಡಳಿಯು ಕಂಡುಹಿಡಿಯಿತು. ಗುಲಾಮ್ ದಸ್ತಗೀರ್‌ಗೆ ಹಿರಿಯ ವರ್ತುಲ ಗಣಕನೆಂದು ಬಡ್ತಿ ಸಿಕ್ಕಿತು. ಫಿಲ್ಮು ಒಣಗಿಸುತ್ತಿದ್ದ ಹಗ್ಗದ ಮೇಲೆ ಈಗ ಲುಂಗಿಗಳಿಗೆ ಬೇಕಾದಷ್ಟು ಜಾಗವಿದೆ. ನಿಜವಾಗಿ ಕೈ ಮುರಿದುಕೊಂಡವರು ಬಂದರೆ ಪಕ್ಕದ ಮಳಿಗೆಗೆ ಹೋಗಿ ಮೊದಲು ಹನ್ನೆರಡು ಹಾಕಿಸಿಕೊಂಡು ಬನ್ನಿ ಎನ್ನುತ್ತಾರೆ. ಅವರೂ ಹಾಕಿಸಿಕೊಂಡು ಬರುತ್ತಾರೆ. ನಿವೃತ್ತರಾದ ಮೇಲೆ ಮಹಾಂತಯ್ಯನವರೂ ಒಂದು ದಿನ ಬಂದು ಅಂಗಿಯ ತೋಳು ಮಡಚಿ ಕೂತರು. "ಸಪ್ಪಳಾಗದಂಥವು ಕೊಡ್ರಿ," ಎಂದರು. ನೂರ್ ಬೀ ಅವರಿಗೆ ಏಳು ಹಾಕಿ, ಬಳೆಗಾರರ ರೂಢಿಯಂತೆ ಒಂದು ಹೆಚ್ಚಿಗೆ ಹಾಕಿದಳು. ಎಂಟು ಸೇರು ಅಕ್ಕಿ ತೆಗೆದುಕೊಂಡು ಹೋಗಿ ಅವರು ಮನೆಯಲ್ಲಿ ಕಲ್ಲು ಆರಿಸಿದರು.

ದೇವದುರ್ಗದಲ್ಲಿ ನೂರ್ ಬೀಯ ಹೆಸರಿನಲ್ಲಿ ಈಗ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕಲ್ಲಿನ ಮಳಿಗೆ ಇದೆ. ಎರಡು ಗಾಜಿನ ಕಪಾಟು, ಒಂದು ತಿರುಗುವ ಕುರ್ಚಿ, ಎಳೆದರೆ ಗುಡುಗುವ ತಗಡಿನ ಬಾಗಿಲು. ಫಲಕದ ಅಕ್ಷರಗಳನ್ನು ಅವಳೇ ತಿದ್ದಿ ಬರೆಸಿದ್ದಾಳೆ, ತಪ್ಪಿಲ್ಲ. ಇದಕ್ಕೆ ತೆತ್ತದ್ದು: ಒಂದು ಬಲಗೈ ಮಣಿಕಟ್ಟು. ಜೊತೆಗೆ ಹನ್ನೆರಡು ಹಸಿರು ಬಳೆ ಸಾಯುವವರೆಗೆ ತೆಗೆಯುವಂತಿಲ್ಲ. ತೆಗೆದರೆ ಗುಣವಾದಂತೆ, ಗುಣವಾದರೆ ಮಳಿಗೆ ಹೋದಂತೆ. ಮಧ್ಯಾಹ್ನ ಬಾಗಿಲು ಅರ್ಧ ಎಳೆದು, ಒಳಗೆ ಚಾಪೆ ಹಾಸಿ ನಮಾಜು ಮುಗಿಸಿ, ದುವಾ ಕೇಳಲು ಎರಡೂ ಕೈ ಎತ್ತುತ್ತಾಳೆ. ಎಡ ಅಂಗೈ ಮೇಲೆ ನೋಡುತ್ತದೆ. ಬಲ ಅಂಗೈ ತಿರುಗುವುದಿಲ್ಲ, ಪಕ್ಕದ ಗೋಡೆಯನ್ನು ನೋಡುತ್ತದೆ.

ಗೋಡೆ ಅವಳದೇ.